ತಿಪ್ಪೆಗೆ ಒಂದು, ಹೊಲಕ್ಕೆ ಒಂದು: ಕೊಳೆಯುವ ಪ್ಲಾಸ್ಟಿಕ್ ಮತ್ತು ನಾರಿನ ವಸ್ತುಗಳಲ್ಲಿ ಆಯ್ಕೆ ಮಾಡುವುದು ಹೇಗೆ

ಹುಬ್ಬಳ್ಳಿಯ ಕಿರಾಣಿ ಅಂಗಡಿಗಳಲ್ಲಿ, ಧಾರವಾಡದ ಪತ್ರಾವಳಿ ಅಂಗಡಿಗಳಲ್ಲಿ "ಮಣ್ಣಿನಲ್ಲಿ ಕರಗುವಂಥದ್ದು" ಎಂಬ ಮಾತಿನೊಡನೆ ಮಾರುವ ಚೀಲ, ಚಮಚ, ಕಪ್, ತಟ್ಟೆಗಳು ಈಗ ಬೇಕಾದಷ್ಟು ಸಿಗುತ್ತವೆ. ಯಾವ ಮಣ್ಣಿನಲ್ಲಿ, ಎಷ್ಟು ತೇವದಲ್ಲಿ, ಎಷ್ಟು ತಿಂಗಳಿಗೆ ಕರಗುತ್ತದೆ ಎಂದು ಕೇಳಿದರೆ ಅಂಗಡಿಯವರಿಗೂ ಉತ್ತರ ಗೊತ್ತಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಆದರೆ ಕೊಳ್ಳುವವರಿಗೆ ಈ ಮೂರು ಪ್ರಶ್ನೆಗಳ ಉತ್ತರ ತಿಳಿಯದೆ ಹೋದರೆ ಆಯ್ಕೆ ಎಂಬುದೇ ಅರ್ಥ ಕಳೆದುಕೊಳ್ಳುತ್ತದೆ. ಒಂದೇ ಚಮಚ ಒಂದು ಜಾಗದಲ್ಲಿ ಮೂರು ತಿಂಗಳಿಗೆ ಗೊಬ್ಬರವಾಗಿ, ಇನ್ನೊಂದು ಜಾಗದಲ್ಲಿ ವರ್ಷಗಟ್ಟಲೆ ಚಮಚವಾಗಿಯೇ ಉಳಿಯಬಲ್ಲದು. ಆದ್ದರಿಂದ ಈ ಬರಹದಲ್ಲಿ ನಾನು ವಸ್ತುಗಳನ್ನು ಅವುಗಳ ಹೆಸರಿನಿಂದ ಅಳೆಯದೆ, ಬಳಸಿ ಬಿಟ್ಟ ಮೇಲೆ ಅವು ಬೀಳುವ ಜಾಗದಿಂದ ಅಳೆದು ಹೋಲಿಸುತ್ತೇನೆ.

ನಮ್ಮ ಮನೆ ಹುಬ್ಬಳ್ಳಿಯಲ್ಲಿದ್ದರೂ ಹೊಲ ಬ್ಯಾಡಗಿ ತಾಲ್ಲೂಕಿನಲ್ಲಿದೆ. ಮೆಣಸಿನಕಾಯಿ ಮತ್ತು ಗೋವಿನಜೋಳ ಬೆಳೆಯುವ ಎರೆಭೂಮಿ, ಅದರ ಮಗ್ಗುಲಿಗೆ ಅಜ್ಜನ ಕಾಲದಿಂದಲೂ ತುಂಬುತ್ತ ಬರಿದಾಗುತ್ತ ಬಂದ ತಿಪ್ಪೆಗುಂಡಿ. ಎರಡು ವರ್ಷಗಳ ಹಿಂದೆ ಕಾರ ಹುಣ್ಣಿಮೆಯ ಮರುದಿನ ನಾನೂ ತಮ್ಮನೂ ಸೇರಿ ಆರು ವಸ್ತುಗಳ ತುಂಡುಗಳನ್ನು ಉಳ್ಳಾಗಡ್ಡಿ ತುಂಬುವ ಜಾಳಿಗೆ ಚೀಲಗಳಲ್ಲಿ ಕಟ್ಟಿ, ಒಂದು ಕಟ್ಟನ್ನು ತಿಪ್ಪೆಯ ನಡುವೆ, ಇನ್ನೊಂದನ್ನು ಹೊಲದ ಬದುವಿನ ಪಕ್ಕದಲ್ಲಿ ಗೇಣುದ್ದ ಆಳದಲ್ಲಿ ಹೂತೆವು. ಜಾಳಿಗೆ ಚೀಲ ಕೊಳೆಯದ ಪ್ಲಾಸ್ಟಿಕ್ಕಿನದಾದ್ದರಿಂದ ಅದು ಉಳಿಯುತ್ತದೆ. ನೀರು, ಹುಳ, ಬೂಷ್ಟು ಒಳಗೆ ಹೋಗಿ ಬರುತ್ತವೆ. ಅಗೆದಾಗ ತುಂಡುಗಳು ಕಳೆದುಹೋಗುವುದಿಲ್ಲ. ಹೂತ ಆರು ವಸ್ತುಗಳೆಂದರೆ ಹಳೆಯ ಗೋಣಿತಟ್ಟಿನ ತುಂಡು, ಅಡಿಕೆ ಹಾಳೆಯ ತಟ್ಟೆಯ ಕಾಲುಭಾಗ, ಪ್ರಮಾಣಪತ್ರದ ಸಂಖ್ಯೆ ಅಚ್ಚಾಗಿದ್ದ ಕಾಂಪೋಸ್ಟ್ ಆಗುವ ಚೀಲ, ಪಿ.ಎಲ್.ಎ. ಎಂಬ ಸಸ್ಯಮೂಲದ ಪ್ಲಾಸ್ಟಿಕ್ಕಿನ ಚಮಚ, ಭತ್ತದ ಹೊಟ್ಟನ್ನು ಪಾಲಿಪ್ರೊಪಿಲೀನ್ ಎಂಬ ಮಾಮೂಲು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಮಾಡಿದ ಹಲಗೆಯ ತುಂಡು, ಮತ್ತು "ಪರಿಸರಸ್ನೇಹಿ" ಎಂದಷ್ಟೇ ಬರೆದಿದ್ದ ಹಸಿರು ಬಣ್ಣದ ಒಂದು ಚೀಲ.

ದೀಪಾವಳಿ ಮುಗಿದ ಮೇಲೆ ಅಗೆದು ನೋಡಿದೆವು. ತಿಪ್ಪೆಯಲ್ಲಿ ಗೋಣಿತಟ್ಟು ಇರಲೇ ಇಲ್ಲ. ನಾಲ್ಕಾರು ಕಪ್ಪು ಎಳೆಗಳು ಜಾಳಿಗೆಗೆ ಅಂಟಿಕೊಂಡಿದ್ದವು, ಅಷ್ಟೇ. ಹೊಲದಲ್ಲಿ ಅದರ ನೇಯ್ಗೆ ಕಣ್ಣಿಗೆ ಕಾಣುತ್ತಿತ್ತು, ಆದರೆ ಬೆರಳು ತಾಗಿದೊಡನೆ ಉದುರಿತು. ಅಡಿಕೆ ಹಾಳೆ ತಿಪ್ಪೆಯಲ್ಲಿ ನೆನೆದ ತಂಬಾಕಿನಂತೆ ಮೆತ್ತಗಾಗಿತ್ತು. ಹೊಲದಲ್ಲಿ ತೆಳ್ಳನೆಯ ಭಾಗ ಹೋಗಿ ದಪ್ಪ ಗೀರುಗಳು ಉಳಿದಿದ್ದವು. ಕಾಂಪೋಸ್ಟ್ ಆಗುವ ಚೀಲ ತಿಪ್ಪೆಯಲ್ಲಿ ಹಸಿ ಹಪ್ಪಳದಂತೆ ಹರಿಯುವ ಕೆಲವು ಚೂರುಗಳಾಗಿತ್ತು. ಹೊಲದಲ್ಲಿ ತೂತು ಬಿದ್ದಿತ್ತಾದರೂ ಮೇಲಿನ ಅಕ್ಷರಗಳನ್ನು ಇನ್ನೂ ಓದಬಹುದಾಗಿತ್ತು. ಚಮಚ ತಿಪ್ಪೆಯಲ್ಲಿ ಸುಣ್ಣದಂತೆ ಬೆಳ್ಳಗಾಗಿ, ಬಗ್ಗಿಸಿದಾಗ ಟಕ್ಕೆಂದು ಮುರಿಯಿತು. ಹೊಲದಿಂದ ತೆಗೆದದ್ದನ್ನು ಅವ್ವ ತೊಳೆದು ಕೈಯಲ್ಲಿ ಹಿಡಿದು, "ಇದು ಇಟ್ಟಾಂಗ ಐತಲ್ಲೋ" ಎಂದಳು. ಹೊಟ್ಟಿನ ಹಲಗೆ ಎರಡೂ ಕಡೆ ಹಲಗೆಯಾಗಿಯೇ ಇತ್ತು, ಮೇಲ್ಮೈಯಲ್ಲಿ ಮಾತ್ರ ಸೂಜಿಮೊನೆಯಷ್ಟು ಸಣ್ಣ ಗುಳಿಗಳು. ಹಸಿರು ಚೀಲಕ್ಕೆ ಎಲ್ಲಿಯೂ ಏನೂ ಆಗಿರಲಿಲ್ಲ.

ಇದು ಪ್ರಯೋಗಾಲಯದ ಅಧ್ಯಯನವಲ್ಲ, ಒಂದು ಹೊಲದ ಒಂದು ಮಳೆಗಾಲದ ಅನುಭವ. ಆದರೂ ಆರು ತುಂಡುಗಳು ನಡೆದುಕೊಂಡ ರೀತಿಯ ಹಿಂದೆ ಒಂದೊಂದಕ್ಕೂ ರಸಾಯನಶಾಸ್ತ್ರದ ಸ್ಪಷ್ಟ ಕಾರಣವಿದೆ. ಆ ಕಾರಣಗಳು ತಿಳಿದರೆ ಮುಂದಿನ ಆಯ್ಕೆಗಳು ಸುಲಭವಾಗುತ್ತವೆ.

ಕೊಳೆಯುವುದೆಂದರೆ

ನಾರಾಗಲಿ ಪ್ಲಾಸ್ಟಿಕ್ಕಾಗಲಿ, ಎರಡೂ ಸಣ್ಣ ಅಣುಗಳು ಕೊಂಡಿಯಂತೆ ಸೇರಿಕೊಂಡು ಆದ ಉದ್ದನೆಯ ಸರಪಳಿಗಳು. ಇಷ್ಟು ಉದ್ದದ ಸರಪಳಿಯನ್ನು ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಇಡಿಯಾಗಿ ನುಂಗಲಾರದು. ಅದು ತನ್ನ ಕಿಣ್ವಗಳನ್ನು ಹೊರಗೆ ಸುರಿಸಿ, ಕೊಂಡಿಗಳನ್ನು ಕತ್ತರಿಸಿ, ಚೂರುಗಳನ್ನು ಒಳಗೆಳೆದುಕೊಂಡು ಉಸಿರಾಟಕ್ಕೂ ಬೆಳವಣಿಗೆಗೂ ಬಳಸುತ್ತದೆ. ಕೊನೆಯಲ್ಲಿ ಇಂಗಾಲದ ಡೈಆಕ್ಸೈಡ್, ನೀರು ಮತ್ತು ಹೊಸ ಜೀವಕೋಶಗಳು ಉಳಿಯುತ್ತವೆ. ಇಲ್ಲಿ ಎರಡು ಹಂತಗಳಿರುವುದನ್ನು ಗಮನಿಸಬೇಕು: ವಸ್ತು ಚೂರಾಗುವುದು ಒಂದು, ಚೂರುಗಳು ಜೀವಿಗಳಿಗೆ ಆಹಾರವಾಗುವುದು ಇನ್ನೊಂದು. ಮೊದಲನೆಯದು ಆಗಿ ಎರಡನೆಯದು ಆಗದಿದ್ದರೆ ಅದು ಕೊಳೆತಂತಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಕಣಗಳಾಗಿ ಹೊಲದಲ್ಲಿ ಹರಡಿದಂತೆ.

ಗಿಡದ ನಾರಿನ ಮುಖ್ಯ ಭಾಗವಾದ ಸೆಲ್ಯುಲೋಸ್ ಸಕ್ಕರೆಯ ಅಣುಗಳ ಸರಪಳಿ. ಅದನ್ನು ಕತ್ತರಿಸುವ ಕಿಣ್ವಗಳನ್ನು ಮಣ್ಣಿನ ಜೀವಿಗಳು ಕೋಟ್ಯಂತರ ವರ್ಷಗಳಿಂದ ಬಳಸುತ್ತ ಬಂದಿವೆ. ನಾರಿನಲ್ಲಿರುವ ಲಿಗ್ನಿನ್ ಮಾತ್ರ ಹಟಮಾರಿ; ಅದನ್ನು ಚೆನ್ನಾಗಿ ಬಿಡಿಸಬಲ್ಲವು ಕೆಲವು ಜಾತಿಯ ಶಿಲೀಂಧ್ರಗಳಷ್ಟೇ. ಹೀಗಾಗಿ ಯಾವ ನಾರು ಎಷ್ಟು ಬೇಗ ಕೊಳೆಯುತ್ತದೆ ಎಂಬುದನ್ನು ಬಹುಮಟ್ಟಿಗೆ ಲಿಗ್ನಿನ್ ನಿರ್ಧರಿಸುತ್ತದೆ. ನಮ್ಮ ಭಾಗದ ಜಯಧರ ಹತ್ತಿಯಾಗಲಿ, ಗರಗದಲ್ಲಿ ರಾಷ್ಟ್ರಧ್ವಜಕ್ಕೆಂದು ನೇಯುವ ಖಾದಿಯಾಗಲಿ, ಹತ್ತಿ ಎಂದರೆ ಶೇಕಡಾ 90ಕ್ಕಿಂತ ಹೆಚ್ಚು ಸೆಲ್ಯುಲೋಸ್. ತೇವದ ಮಣ್ಣಿಗೆ ಬಿದ್ದರೆ ಕೆಲವೇ ವಾರಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಸೆಣಬಿನಲ್ಲಿ ಲಿಗ್ನಿನ್ ಸುಮಾರು ಶೇಕಡಾ 12ರಷ್ಟಿದ್ದು, ಅದು ಒಂದು ಮಳೆಗಾಲವನ್ನು ಕಷ್ಟಪಟ್ಟು ದಾಟುತ್ತದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಶೇಕಡಾ 40ರ ಆಸುಪಾಸಿಗೆ ಏರುವುದರಿಂದ ಅದು ಮಣ್ಣಿನಲ್ಲಿ ಕೆಲವು ವರ್ಷ ತಾಳುತ್ತದೆ; ಇಳಿಜಾರಿನ ಮಣ್ಣು ಕೊಚ್ಚದಂತೆ ತೆಂಗಿನ ನಾರಿನ ಜಾಲರಿ ಹಾಸುವುದು ಇದೇ ಕಾರಣಕ್ಕೆ.

ಮಾಮೂಲು ಪ್ಲಾಸ್ಟಿಕ್‌ಗಳಾದ ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನಿನ ಸರಪಳಿ ಇಂಗಾಲಕ್ಕೆ ಇಂಗಾಲ ಅಂಟಿಕೊಂಡ ಬೆನ್ನೆಲುಬು. ಕಿಣ್ವಕ್ಕೆ ಹಿಡಿದು ಕತ್ತರಿಸಲು ಅದರಲ್ಲಿ ಜಾಗವೇ ಇಲ್ಲ. ಬಿಸಿಲಿನ ಅತಿನೇರಳೆ ಕಿರಣ ಅದನ್ನು ಪೆಡಸಾಗಿಸಿ ಒಡೆಯುತ್ತದೆ, ಜೀವಿಗಳು ತಿನ್ನುವುದಿಲ್ಲ. ಕೊಳೆಯುವ ಪ್ಲಾಸ್ಟಿಕ್‌ಗಳಲ್ಲಿ ಹೆಚ್ಚಿನವು ಎಸ್ಟರ್ ಎಂಬ ಕೊಂಡಿಯುಳ್ಳವು. ಆ ಕೊಂಡಿಯನ್ನು ನೀರೂ ಬಿಡಿಸಬಲ್ಲದು, ಕಿಣ್ವವೂ ಬಿಡಿಸಬಲ್ಲದು. ಆದರೆ ಎಸ್ಟರ್ ಕೊಂಡಿ ಇದ್ದಮಾತ್ರಕ್ಕೆ ಎಲ್ಲವೂ ಕೊಳೆಯುವುದಿಲ್ಲ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕಿನಲ್ಲಿಯೂ, ಬಟ್ಟೆಯ ಪಾಲಿಯೆಸ್ಟರಿನಲ್ಲಿಯೂ ಅದೇ ಕೊಂಡಿಯಿದೆ. ಅದು ಅಷ್ಟು ಬಿಗಿಯಾಗಿ ಹೆಣೆದುಕೊಂಡಿದೆಯೆಂದರೆ, ಪೆಟ್ ಅನ್ನು ತಿನ್ನುವ ಬ್ಯಾಕ್ಟೀರಿಯಾವೊಂದನ್ನು ಜಪಾನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದಾಗ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು.

ಚಮಚದ ವಿಷಯಕ್ಕೆ ಬರೋಣ. ಪಿ.ಎಲ್.ಎ. ಎಂದರೆ ಗೋವಿನಜೋಳ, ಕಬ್ಬು ಮೊದಲಾದವುಗಳ ಸಕ್ಕರೆಯನ್ನು ಹುದುಗಿಸಿ ಬಂದ ಲ್ಯಾಕ್ಟಿಕ್ ಆಮ್ಲದಿಂದ ಮಾಡಿದ ಪ್ಲಾಸ್ಟಿಕ್. ನಮ್ಮ ಹಾವೇರಿ ಜಿಲ್ಲೆಯಲ್ಲಿ ಎಲ್ಲಿ ನೋಡಿದರಲ್ಲಿ ಬೆಳೆಯುವ ಗೋವಿನಜೋಳದಿಂದಲೇ ಬಂದದ್ದು ಎಂದ ಕೂಡಲೇ ಅದು ಗೋವಿನಜೋಳದ ದಂಟಿನಂತೆಯೇ ಕೊಳೆಯುತ್ತದೆ ಎಂದು ತಿಳಿಯುವುದು ಸಹಜವಾದ ತಪ್ಪು. ಸುಮಾರು 55ರಿಂದ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಗಾಜಿನಂತೆ ಬಿಗಿಯಾಗಿರುತ್ತದೆ. ನೀರು ಒಳಗಿಳಿದು ಕೊಂಡಿಗಳನ್ನು ಬಿಡಿಸುವ ಕೆಲಸ ಬಹಳ ನಿಧಾನವಾಗುತ್ತದೆ. ಆ ಬಿಸಿ ದಾಟಿದಾಗ ಮೆತ್ತಗಾಗಿ, ನೀರು ಸರಪಳಿಗಳನ್ನು ತುಂಡರಿಸಿ, ಆಮೇಲೆ ಸೂಕ್ಷ್ಮಜೀವಿಗಳು ತಿನ್ನತೊಡಗುತ್ತವೆ. ದೊಡ್ಡ ಕಾಂಪೋಸ್ಟ್ ಘಟಕಗಳಲ್ಲಿ 58 ಡಿಗ್ರಿಯ ಆಸುಪಾಸಿನ ಬಿಸಿಯನ್ನು ವಾರಗಟ್ಟಲೆ ಕಾಯ್ದುಕೊಳ್ಳುತ್ತಾರೆ. ಹೊಸ ಹೆಂಡಿ, ಹಸಿ ಕಸ, ಸಾಕಷ್ಟು ತೇವ ಇದ್ದ ತಿಪ್ಪೆಯ ನಡುಭಾಗ ಕೆಲವು ದಿನ ಅಷ್ಟು ಕಾಯಬಲ್ಲದು; ಆ ಕೆಲವು ದಿನಗಳ ಬಿಸಿಯೇ ನಮ್ಮ ಚಮಚವನ್ನು ಬೆಳ್ಳಗಾಗಿಸಿ ಮುರಿಯುವಂತೆ ಮಾಡಿದ್ದು. ಹೊಲದ ಮಣ್ಣು ಗೇಣುದ್ದ ಆಳದಲ್ಲಿ ಎಂದೂ ಅಷ್ಟು ಕಾಯುವುದಿಲ್ಲ.

ವಸ್ತು ಎಲ್ಲಿಂದ ಬಂತು ಎಂಬುದಕ್ಕೂ ಕೊಳೆಯುತ್ತದೆಯೇ ಎಂಬುದಕ್ಕೂ ನೇರ ಸಂಬಂಧವಿಲ್ಲ ಎಂಬ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಬ್ಬಿನ ಸ್ಪಿರಿಟ್‌ನಿಂದ ಪಾಲಿಎಥಿಲೀನ್ ಮಾಡುತ್ತಾರೆ; ಅದು ಸಸ್ಯಮೂಲದ್ದು, ಆದರೆ ಕೊಳೆಯುವುದಿಲ್ಲ. ಕಾಂಪೋಸ್ಟ್ ಆಗುವ ಚೀಲಗಳಲ್ಲಿ ಮುಖ್ಯವಾಗಿ ಬಳಸುವ ಪಿ.ಬಿ.ಎ.ಟಿ. ಹೆಚ್ಚಾಗಿ ಪೆಟ್ರೋಲಿಯಂ ಮೂಲದ್ದು, ಆದರೆ ಕೊಳೆಯುತ್ತದೆ.

ನಮ್ಮ ಸೀಮೆಯ ಮಣ್ಣು, ನಮ್ಮ ಸೀಮೆಯ ಕ್ಯಾಲೆಂಡರು

ವಿದೇಶದ ಪ್ರಯೋಗಾಲಯಗಳ "ಆರು ತಿಂಗಳು" ನಮ್ಮಲ್ಲಿ ಆರು ತಿಂಗಳಲ್ಲ. ಸೂಕ್ಷ್ಮಜೀವಿಗಳಿಗೆ ಬಿಸಿ, ತೇವ, ಗಾಳಿ ಮೂರೂ ಒಟ್ಟಿಗೆ ಬೇಕು. ಧಾರವಾಡ ಮತ್ತು ಹಾನಗಲ್ಲಿನ ಕಡೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮೂರೂ ಸಿಗುತ್ತವೆ; ಮಳೆ ಕಡಿಮೆಯಿರುವ ಗದಗ, ಮುಂಡರಗಿಯ ಕಡೆ ಆ ಅವಧಿ ಇನ್ನೂ ಮೊಟಕಾಗುತ್ತದೆ. ಫೆಬ್ರುವರಿಯಿಂದ ಮೇ ತನಕ ಮೇಲ್ಮಣ್ಣು ಒಣಗಿ, ಎರೆಭೂಮಿ ಬಾಯಿಬಿಟ್ಟಾಗ, ಬಿಸಿ ಬೇಕಾದಷ್ಟಿದ್ದರೂ ತೇವವಿಲ್ಲದೆ ಕೊಳೆಯುವ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆದ್ದರಿಂದ ಹೊಲದಲ್ಲಿ ಕೊಳೆಯಬೇಕಾದ ವಸ್ತುವಿನ ಆಯುಷ್ಯವನ್ನು ತಿಂಗಳುಗಳಲ್ಲಿ ಎಣಿಸುವುದಕ್ಕಿಂತ ಮಳೆಗಾಲಗಳಲ್ಲಿ ಎಣಿಸುವುದು ಸರಿಯಾದ ಲೆಕ್ಕ ಎಂಬುದು ನನ್ನ ಅಭಿಪ್ರಾಯ.

ಗಟಾರಕ್ಕೆ ಬಿದ್ದದ್ದರ ದಾರಿಯೇ ಬೇರೆ. ಉಣಕಲ್ ಕೆರೆಯಾಗಲಿ, 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಘೋಷಿತವಾದ ಗದಗ ಜಿಲ್ಲೆಯ ಮಾಗಡಿ ಕೆರೆಯಾಗಲಿ, ಕೆರೆಯ ತಳದ ಕೆಸರಿನಲ್ಲಿ ಗಾಳಿ ಇರುವುದಿಲ್ಲ, ಬಿಸಿಯೂ ಇರುವುದಿಲ್ಲ. ಪಿ.ಎಲ್.ಎ. ಅಲ್ಲಿ ಮಾಮೂಲು ಪ್ಲಾಸ್ಟಿಕ್ಕಿನಂತೆಯೇ ಉಳಿಯುತ್ತದೆ. ಕಸದ ಗಾಡಿಗೆ ಹೋಗಿ ಗುಡ್ಡೆಯಾಗಿ ಮುಚ್ಚಿಹೋದ ಕಸದೊಳಗೂ ಗಾಳಿ ಇಲ್ಲ. ಅಲ್ಲಿ ನಾರಿನ ವಸ್ತುಗಳು ಕೊಳೆತಾಗ ಮೀಥೇನ್ ಹೊರಡುತ್ತದೆ, ಅದು ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುವ ಅನಿಲ. ಕೊಳೆಯುವ ವಸ್ತುವನ್ನು ಕೊಂಡು ಕಸದ ಗುಡ್ಡಕ್ಕೆ ಕಳಿಸುವುದು ಆದ್ದರಿಂದ ಅರ್ಧ ಕೆಲಸ ಮಾತ್ರ. ಹಸಿ ಕಸದ ಜೊತೆಗೆ ಬೇರ್ಪಡಿಸಿ ಕೊಟ್ಟು, ಅದು ಗೊಬ್ಬರದ ಘಟಕ ಮುಟ್ಟಿದರಷ್ಟೇ ಕೆಲಸ ಪೂರ್ಣವಾಗುತ್ತದೆ.

ಕೈಚೀಲ

ಕೈಚೀಲದ ಬಗ್ಗೆ ನನ್ನ ಮಾತು ನೇರವಾಗಿದೆ. ಮತ್ತೆ ಮತ್ತೆ ಬಳಸುವ ಹತ್ತಿಯ ಅಥವಾ ಸೆಣಬಿನ ಚೀಲವೇ ಮೊದಲ ಆಯ್ಕೆ. ಅದು ಹರಿದ ದಿನ ತಿಪ್ಪೆಗೆ ಹಾಕಿದರೆ ಮುಂದಿನ ಮಳೆಗಾಲಕ್ಕೆ ಮಣ್ಣಾಗುತ್ತದೆ. ಅದಕ್ಕೆ ಒಳಗಿನಿಂದ ಪ್ಲಾಸ್ಟಿಕ್ ಲೇಪ ಇರಬಾರದು. ಎಷ್ಟೋ ಸೆಣಬಿನ ಚೀಲಗಳ ಒಳಮೈಗೆ ಪಾಲಿಎಥಿಲೀನಿನ ತೆಳು ಪದರು ಅಂಟಿಸಿರುತ್ತಾರೆ. ಸೆಣಬು ಕೊಳೆತ ಮೇಲೆ ಆ ಪದರು ಹಾಳೆಯಾಗಿ ಉಳಿಯುತ್ತದೆ.

ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಚೀಲ ಹಸಿ ಕಸ ತುಂಬಿ ಕೊಡುವುದಕ್ಕೆ ಒಳ್ಳೆಯದು, ಕಾಯಿಪಲ್ಯೆ ತರುವುದಕ್ಕೆ ಅದರ ಅಗತ್ಯವಿಲ್ಲ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕಣ್ಣು ತೆರೆಸುವಂಥದ್ದು. ಅವರು ಬೇರೆ ಬೇರೆ ಚೀಲಗಳನ್ನು ಮಣ್ಣಿನಲ್ಲಿ, ಸಮುದ್ರದಲ್ಲಿ, ಬಯಲಿನಲ್ಲಿ ಮೂರು ವರ್ಷದವರೆಗೆ ಇಟ್ಟು ನೋಡಿದರು. ಕಾಂಪೋಸ್ಟ್ ಆಗುವ ಚೀಲ ಸಮುದ್ರದಲ್ಲಿ ಮೂರು ತಿಂಗಳಲ್ಲಿ ಕಾಣೆಯಾಯಿತು, ಆದರೆ ಮಣ್ಣಿನಲ್ಲಿ 27 ತಿಂಗಳಾದ ಮೇಲೂ ಇತ್ತು. "ಬಯೋಡಿಗ್ರೇಡೆಬಲ್" ಎಂಬ ಹೆಸರು ಹೊತ್ತಿದ್ದ ಚೀಲವಂತೂ ಮೂರು ವರ್ಷ ಮಣ್ಣಿನಲ್ಲಿಯೂ ಸಮುದ್ರದಲ್ಲಿಯೂ ಇದ್ದ ಮೇಲೆ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು.

ಇನ್ನೊಂದು ಬಗೆಯ ಚೀಲ ಬರುತ್ತದೆ, ಅದರಿಂದ ದೂರವಿರಿ. ಮಾಮೂಲು ಪಾಲಿಎಥಿಲೀನಿಗೆ ಲೋಹದ ಲವಣಗಳನ್ನು ಬೆರೆಸಿ, ಬಿಸಿಲು ಮತ್ತು ಗಾಳಿಗೆ ಬೇಗ ಪುಡಿಯಾಗುವಂತೆ ಮಾಡಿದ್ದಕ್ಕೆ ಆಕ್ಸೋ ಡಿಗ್ರೇಡೆಬಲ್ ಎನ್ನುತ್ತಾರೆ. ಮೇಲೆ ಹೇಳಿದ ಎರಡು ಹಂತಗಳಲ್ಲಿ ಇದು ಮೊದಲನೆಯದನ್ನಷ್ಟೇ ಚುರುಕುಗೊಳಿಸುತ್ತದೆ. ಯುರೋಪಿಯನ್ ಒಕ್ಕೂಟ ಇಂಥ ವಸ್ತುಗಳನ್ನು 2021ರ ಜುಲೈ 3ರಿಂದ ಮಾರುಕಟ್ಟೆಗೆ ಬಿಡದಂತೆ ತಡೆದಿದೆ. ಹೊಲಕ್ಕೆ ಹಾರಿಬಂದ ಇಡೀ ಚೀಲವನ್ನು ಆಯ್ದು ಹಾಕಬಹುದು, ಪುಡಿಯಾದದ್ದನ್ನು ಯಾರೂ ಆಯಲಾರರು.

ಅಚ್ಚು ಓದುವುದು, ನೀರಿನಲ್ಲಿ ಮುಳುಗಿಸುವುದು

ಚೀಲದ ಮೇಲೆ ಎಲೆಯ ಚಿತ್ರ, ಹಸಿರು ಬಣ್ಣ, "ಭೂಮಿಯ ಸ್ನೇಹಿತ" ಎಂಬ ಮಾತು, ಇವು ಯಾವುವೂ ಪುರಾವೆಯಲ್ಲ. ಭಾರತದಲ್ಲಿ ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿಗೆ ಐ.ಎಸ್./ಐ.ಎಸ್.ಒ. 17088 ಎಂಬ ಮಾನದಂಡವಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವಿಲ್ಲದೆ ಅದನ್ನು ಮಾರುವಂತಿಲ್ಲ, ತಯಾರಕರ ಹೆಸರು ಮತ್ತು ಪ್ರಮಾಣಪತ್ರದ ಸಂಖ್ಯೆ ಚೀಲದ ಮೇಲೆಯೇ ಇರಬೇಕು. ಇಂಥ ಮಾನದಂಡಗಳು ಕೇಳುವುದು ಸ್ಥೂಲವಾಗಿ ಇದನ್ನು: ಕಾಂಪೋಸ್ಟ್ ಘಟಕದ ಬಿಸಿಯಲ್ಲಿ 12 ವಾರಗಳಾದ ಮೇಲೆ ಜರಡಿ ಹಿಡಿದರೆ 2 ಮಿಲಿಮೀಟರಿಗಿಂತ ದೊಡ್ಡ ಚೂರುಗಳು ಶೇಕಡಾ 10ಕ್ಕಿಂತ ಹೆಚ್ಚು ಉಳಿಯಬಾರದು, ಮತ್ತು ಆರು ತಿಂಗಳೊಳಗೆ ಅದರ ಇಂಗಾಲದ ಶೇಕಡಾ 90ರಷ್ಟು ಇಂಗಾಲದ ಡೈಆಕ್ಸೈಡಾಗಿ ಹೊರಬೀಳಬೇಕು. ಎರಡೂ ಅಳತೆ ಕಾಂಪೋಸ್ಟ್ ಘಟಕದವು, ಹೊಲದವಲ್ಲ. 2024ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ತಂದ ತಿದ್ದುಪಡಿಯಲ್ಲಿ, ಜೈವಿಕವಾಗಿ ವಿಘಟಿಸುವ ಪ್ಲಾಸ್ಟಿಕ್ ಎಂದು ಕರೆಸಿಕೊಳ್ಳಬೇಕಾದರೆ ಅದು ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಬಿಡಬಾರದು ಎಂದೂ ಸೇರಿಸಿದ್ದಾರೆ. ಇದು ಬಹಳ ಬೇಕಾಗಿದ್ದ ಮಾತು.

ಅಚ್ಚನ್ನು ನಂಬಲಾಗದಿದ್ದರೆ ಮನೆಯಲ್ಲಿಯೇ ಒಂದು ಪರೀಕ್ಷೆ ಇದೆ. ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಪಿ.ಎಲ್.ಎ. ಮತ್ತು ಪಿ.ಬಿ.ಎ.ಟಿ. ನೀರಿಗಿಂತ ಸುಮಾರು ಕಾಲುಪಟ್ಟು ಭಾರ. ಒಂದು ಲೋಟ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟು, ಚೀಲದಿಂದ ಉಗುರಗಲದ ತುಂಡು ಕತ್ತರಿಸಿ, ಬೆರಳಿನಿಂದ ಗಾಳಿಯ ಗುಳ್ಳೆಗಳನ್ನು ಒರೆಸಿ ನೀರಿನೊಳಗೆ ಅದ್ದಿ ಬಿಡಬೇಕು. ಮೇಲೆ ತೇಲಿಬಂದರೆ ಅದು ಕೊಳೆಯುವ ಚೀಲವಲ್ಲ. ನಮ್ಮ ಹಸಿರು ಚೀಲದ ತುಂಡು ಬೆರಳು ತೆಗೆದೊಡನೆ ಮೇಲಕ್ಕೆ ಬಂದು ನಿಂತಿತು. ಆದರೆ ಮುಳುಗಿದರೆ ಕೊಳೆಯುತ್ತದೆ ಎಂದು ಖಚಿತವಾಗಿ ಹೇಳಲಾಗದು. ಸುಣ್ಣದ ಪುಡಿ ತುಂಬಿದ ಪಾಲಿಎಥಿಲೀನೂ ಮುಳುಗಬಹುದು, ಪೆಟ್ ಕೂಡ ಮುಳುಗುತ್ತದೆ. ತೇಲಿದ್ದನ್ನು ತಿರಸ್ಕರಿಸಲು ಈ ಪರೀಕ್ಷೆ ಸಾಕು, ಮುಳುಗಿದ್ದನ್ನು ಒಪ್ಪಿಕೊಳ್ಳಲು ಪ್ರಮಾಣಪತ್ರವೇ ಬೇಕು.

ಊಟದ ತಟ್ಟೆ, ಚಹಾದ ಕಪ್

ಮದುವೆ, ಗೃಹಪ್ರವೇಶ, ಜಾತ್ರೆಯ ದಾಸೋಹ ಎಂದರೆ ನೂರಾರು ತಟ್ಟೆಗಳ ಮಾತು. ತೊಳೆದು ಬಳಸುವ ಸ್ಟೀಲಿನ ತಟ್ಟೆಗೆ ನೀರೂ ಜನರೂ ಇದ್ದರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಅದಾಗದಿದ್ದಲ್ಲಿ ಬಾಳೆ ಎಲೆ, ಮುತ್ತಲ ಎಲೆಯ ಪತ್ರಾವಳಿ, ಅಡಿಕೆ ಹಾಳೆ, ಕಬ್ಬಿನ ಸಿಪ್ಪೆಯ ತಿರುಳಿನ ತಟ್ಟೆ ಎಂಬ ಕ್ರಮದಲ್ಲಿ ನಾನು ಆರಿಸುತ್ತೇನೆ. ಬಾಳೆ ಎಲೆ ದನಕ್ಕೂ ಆಹಾರ. ಪತ್ರಾವಳಿಯಲ್ಲಿ ನೋಡಬೇಕಾದದ್ದು ಎಲೆಗಳನ್ನು ಕಡ್ಡಿಯಿಂದ ಚುಚ್ಚಿದ್ದಾರೆಯೇ ಅಥವಾ ಕೆಳಗೆ ಪ್ಲಾಸ್ಟಿಕ್ ಹಾಳೆ ಒತ್ತಿದ್ದಾರೆಯೇ ಎಂಬುದನ್ನು. ಅಡಿಕೆ ಹಾಳೆಗೆ ಅಂಟೂ ಬೇಕಿಲ್ಲ, ಲೇಪವೂ ಬೇಕಿಲ್ಲ, ಬಿಸಿ ಅಚ್ಚಿನಲ್ಲಿ ಒತ್ತಿದರೆ ಸಾಕು. ದಪ್ಪವಾಗಿರುವುದರಿಂದ ಕೊಳೆಯಲು ಹೆಚ್ಚು ಸಮಯ ಹಿಡಿಯುತ್ತದೆ, ಆದರೆ ಉಳಿಯುವುದು ನಾರೇ ಹೊರತು ಬೇರೇನಲ್ಲ. ನಾಲ್ಕು ತುಂಡು ಮುರಿದು ತಿಪ್ಪೆಗೆ ಹಾಕಿದರೆ ಇನ್ನೂ ಬೇಗ.

ಕಾಗದದ ಕಪ್ಪಿನ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರು ಇರುತ್ತದೆ, ಇಲ್ಲದಿದ್ದರೆ ಚಹಾ ನಿಲ್ಲುವುದಿಲ್ಲ. ಆ ಪದರು ಪಾಲಿಎಥಿಲೀನಿನದಾದರೆ ಕಾಗದ ಕೊಳೆತು ಪದರು ಉಳಿಯುತ್ತದೆ, ಪಿ.ಎಲ್.ಎ.ಯದಾದರೆ ಕಾಂಪೋಸ್ಟ್ ಘಟಕದಲ್ಲಿ ಎರಡೂ ಹೋಗುತ್ತವೆ, ಗಟಾರದಲ್ಲಿ ಹೋಗುವುದಿಲ್ಲ. 2022ರ ಜುಲೈ 1ರಿಂದ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚ, ಸ್ಟ್ರಾಗಳನ್ನು ನಿಷೇಧಿಸಿದಾಗ ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿಗೆ ವಿನಾಯಿತಿ ಕೊಟ್ಟರು. ಆ ವಿನಾಯಿತಿಯ ಲಾಭ ಮಣ್ಣಿಗೆ ಸಿಗಬೇಕಾದರೆ ಬಳಸಿದವುಗಳನ್ನು ಒಟ್ಟುಮಾಡಿ ಘಟಕಕ್ಕೆ ಮುಟ್ಟಿಸುವ ವ್ಯವಸ್ಥೆಯೂ ಜೊತೆಗಿರಬೇಕು.

ಬಿದಿರಿನ ಪುಡಿಯ ಅಥವಾ ಹೊಟ್ಟಿನ ಕಪ್ ಎಂದು ಮಾರುವ ಗಟ್ಟಿ, ನುಣುಪಾದ ಕಪ್ಪುಗಳ ಬಗ್ಗೆ ಎಚ್ಚರಿಕೆಯಿರಲಿ. ಅವುಗಳಲ್ಲಿ ಹಲವನ್ನು ಮೆಲಮೈನ್ ರಾಳದಿಂದ ಬೆಸೆದಿರುತ್ತಾರೆ. ಆ ರಾಳ ಕೊಳೆಯುವುದಿಲ್ಲ, ಮೇಲಾಗಿ ಬಿಸಿ ಪಾನೀಯಕ್ಕೆ ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಬಿಡಬಲ್ಲದು. ಬಿದಿರಿನ ಪುಡಿ ಬೆರೆತ ಇಂಥ ಪಾತ್ರೆಗಳಿಗೆ ಯುರೋಪಿಯನ್ ಒಕ್ಕೂಟದಲ್ಲಿ ಅನುಮತಿಯಿಲ್ಲ.

ನಾರು ಮತ್ತು ಪ್ಲಾಸ್ಟಿಕ್ ಸೇರಿದ ಹಲಗೆ

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಈ ಸಂಯುಕ್ತ ವಸ್ತುಗಳ ಬಗ್ಗೆ. ಸೆಣಬು, ಭತ್ತದ ಹೊಟ್ಟು, ಕಟ್ಟಿಗೆಯ ಪುಡಿ, ಕತ್ತಾಳೆ ನಾರು ಇವುಗಳನ್ನು ಯಾವುದೋ ಒಂದು ಬಂಧಕದಲ್ಲಿ ಬೆರೆಸಿ ಹಲಗೆ, ಬಾಗಿಲು, ಕುಂಡ, ಕಾರಿನ ಒಳಭಾಗಗಳನ್ನು ಮಾಡುತ್ತಾರೆ. ನಾರು ಕೊಳೆಯುವಂಥದ್ದು ಎಂದ ಮಾತ್ರಕ್ಕೆ ಇಡೀ ವಸ್ತು ಕೊಳೆಯುವುದಿಲ್ಲ. ಅದರ ಗತಿಯನ್ನು ನಿರ್ಧರಿಸುವುದು ಬಂಧಕ.

ಮಣ್ಣಿನಲ್ಲಿ ಇಂಥ ಹಲಗೆಗೆ ಆಗುವುದೇನೆಂದರೆ, ಮೇಲ್ಮೈಯಲ್ಲಿ ತೆರೆದುಕೊಂಡ ನಾರು ಮೊದಲು ನೀರು ಕುಡಿದು ಉಬ್ಬುತ್ತದೆ. ಸುತ್ತಲಿನ ಪ್ಲಾಸ್ಟಿಕ್ ಉಬ್ಬುವುದಿಲ್ಲ. ಒಣಗಿದಾಗ ನಾರು ಕುಗ್ಗುತ್ತದೆ, ಪ್ಲಾಸ್ಟಿಕ್ ಹಾಗೆಯೇ ಇರುತ್ತದೆ. ಮಳೆ, ಬಿಸಿಲು, ಮಳೆ ಎಂದು ಹಲವು ಸಲ ಹೀಗಾದಾಗ ನಾರಿಗೂ ಪ್ಲಾಸ್ಟಿಕ್ಕಿಗೂ ನಡುವೆ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಆ ಬಿರುಕಿನಲ್ಲಿ ನೀರು ನುಗ್ಗುತ್ತದೆ, ನೀರಿನ ಹಿಂದೆ ಶಿಲೀಂಧ್ರದ ಎಳೆಗಳು ನಾರನ್ನೇ ಸುರಂಗ ಮಾಡಿಕೊಂಡು ಒಳಗೆ ನಡೆಯುತ್ತವೆ. ಬಂಧಕ ಪಿ.ಎಲ್.ಎ. ಅಥವಾ ಪಿಷ್ಟದ್ದಾಗಿದ್ದರೆ ಈ ಸುರಂಗಗಳಿಂದ ಅದಕ್ಕೂ ನೀರು ಮುಟ್ಟಿ ಕೊಳೆಯುವಿಕೆ ಚುರುಕಾಗಬಹುದು, ಅಂದರೆ ನಾರು ಬೆರೆಸಿದ್ದರಿಂದ ಲಾಭವೇ ಆಗುತ್ತದೆ. ಬಂಧಕ ಪಾಲಿಪ್ರೊಪಿಲೀನ್ ಅಥವಾ ಇಪಾಕ್ಸಿ ಎಂಬ ಕೊಳೆಯದ ರಾಳವಾಗಿದ್ದರೆ ಮೇಲ್ಮೈಯ ನಾರಷ್ಟೇ ಹೋಗಿ ಒಳಗಿನ ನಾರು ಪ್ಲಾಸ್ಟಿಕ್ಕಿನ ಗೋರಿಯೊಳಗೆ ಭದ್ರವಾಗಿರುತ್ತದೆ. ನಮ್ಮ ಹಲಗೆಯ ಮೇಲೆ ಕಂಡ ಸೂಜಿಮೊನೆಯ ಗುಳಿಗಳು ಹಾಗೆ ಹೋದ ಹೊಟ್ಟಿನ ಗುರುತುಗಳು. ಅಂಟು ಗಟ್ಟಿಯಾಗಲೆಂದು ನಾರನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ತೊಳೆಯುವುದುಂಟು. ಹಾಗೆ ತೊಳೆದಾಗ ನೀರು ಹೀರುವ ಹೆಮಿಸೆಲ್ಯುಲೋಸ್ ಎಂಬ ಅಂಶವನ್ನು ಕಳೆದುಕೊಂಡ ನಾರು ಕಡಿಮೆ ನೀರು ಕುಡಿಯುತ್ತದೆ, ಬಿರುಕೂ ಕಡಿಮೆ, ಕೊಳೆಯುವುದೂ ನಿಧಾನ.

ಹಾಗಾದರೆ ಇವು ಕೆಟ್ಟವೇ? ಬಾಗಿಲಿಗೆ, ಕಟ್ಟೆಯ ಮೇಲಿನ ಹಲಗೆಗೆ ಕೊಳೆಯದಿರುವುದೇ ಗುಣ. ಇಪ್ಪತ್ತು ವರ್ಷ ಬಾಳಬೇಕಾದ ವಸ್ತುವನ್ನು ಕೊಳೆಯುವುದಿಲ್ಲವೆಂದು ಬೈಯುವುದು ಸರಿಯಲ್ಲ, ಅಷ್ಟು ಕಾಲ ಕಟ್ಟಿಗೆಯನ್ನೂ ಪ್ಲಾಸ್ಟಿಕ್ಕನ್ನೂ ಅದು ಉಳಿಸುತ್ತದೆ. ಆದರೆ ಒಂದು ಹಂಗಾಮಿನ ಕುಂಡ, ಒಂದು ದಿನದ ತಟ್ಟೆಗೆ ಪಾಲಿಪ್ರೊಪಿಲೀನ್ ಬೆರೆತ ಹೊಟ್ಟನ್ನು ಆರಿಸಿದರೆ ಎರಡು ಕಡೆಯೂ ನಷ್ಟ. ಅದು ಕೊಳೆಯುವುದೂ ಇಲ್ಲ, ನಾರು ಬೆರೆತದ್ದರಿಂದ ಗುಜರಿಯವರು ಕರಗಿಸಿ ಮತ್ತೆ ಬಳಸಲು ಕೊಳ್ಳುವುದೂ ಇಲ್ಲ.

ಹೊಲದ ಹೊದಿಕೆ ಮತ್ತು ಸಸಿಯ ಚೀಲ

ಮೆಣಸಿನಕಾಯಿ, ಕಲ್ಲಂಗಡಿ ಬೆಳೆಯುವವರು ಏರಿನ ಮೇಲೆ ಹಾಸುವ ಮಲ್ಚಿಂಗ್ ಶೀಟು ಸಾಮಾನ್ಯವಾಗಿ 25ರಿಂದ 30 ಮೈಕ್ರಾನ್ ದಪ್ಪದ ಪಾಲಿಎಥಿಲೀನ್. ಕಳೆ ತಡೆಯುತ್ತದೆ, ತೇವ ಹಿಡಿಯುತ್ತದೆ. ಆದರೆ ಹಂಗಾಮು ಮುಗಿದಾಗ ಬಿಸಿಲಿಗೆ ಪೆಡಸಾದ ಹಾಳೆಯನ್ನು ಪೂರ್ತಿ ಕೀಳಲು ಬರುವುದಿಲ್ಲ. ಬೇರು ಹಿಡಿದ ಅಂಚುಗಳು ಮಣ್ಣಿನಲ್ಲಿಯೇ ಹರಿದು ಉಳಿಯುತ್ತವೆ, ಕುಂಟೆ ಹೊಡೆದಾಗ ಇನ್ನಷ್ಟು ಚೂರಾಗುತ್ತವೆ. ಪಿ.ಬಿ.ಎ.ಟಿ. ಆಧಾರದ ಕೊಳೆಯುವ ಶೀಟನ್ನು ಉತ್ತು ಮಣ್ಣಿಗೆ ಸೇರಿಸಬಹುದು. ಅದಕ್ಕೆ ಯುರೋಪಿನಲ್ಲಿ 2018ರಿಂದ ಪ್ರತ್ಯೇಕ ಮಾನದಂಡವಿದ್ದು, ಸುಮಾರು 25 ಡಿಗ್ರಿಯ ಮಣ್ಣಿನಲ್ಲಿ ಎರಡು ವರ್ಷದೊಳಗೆ ಶೇಕಡಾ 90ರಷ್ಟು ವಿಘಟಿಸಬೇಕು ಎಂದು ಕೇಳುತ್ತದೆ. ಕೊಳ್ಳುವಾಗ ಕಾಂಪೋಸ್ಟ್ ಪ್ರಮಾಣಪತ್ರ ಸಾಲದು, ಮಣ್ಣಿನಲ್ಲಿ ಕೊಳೆಯುವ ಪರೀಕ್ಷೆಯ ವಿವರ ಕೇಳಬೇಕು. ನೀರಾವರಿ ಇರುವ ಹೊಲಕ್ಕೆ ಇದು ಹೊಂದುತ್ತದೆ. ಗದಗದ ಒಣಬೇಸಾಯದ ಹೊಲದಲ್ಲಿ ವರ್ಷಕ್ಕೊಮ್ಮೆ ಹಾಸಿದರೆ, ಹಿಂದಿನದು ಕರಗುವ ಮೊದಲೇ ಹೊಸದು ಸೇರಿ ರಾಶಿಯಾಗುವ ಅಪಾಯವಿದೆ.

ಗೋವಿನಜೋಳದ ದಂಟು, ಶೇಂಗಾ ಹೊಟ್ಟು, ಕಬ್ಬಿನ ರವದಿ ಹಾಸಿದರೆ ಕಳೆ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ, ಗೆದ್ದಲು ಬರುತ್ತದೆ. ಇಂಗಾಲ ಹೆಚ್ಚು, ಸಾರಜನಕ ಕಡಿಮೆ ಇರುವ ಇಂಥ ಹೊದಿಕೆ ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಕೆಲವು ವಾರ ಹಿಡಿದಿಟ್ಟುಕೊಳ್ಳುವುದರಿಂದ ಬೆಳೆ ಹಳದಿಯಾಗಬಹುದು. ಹೆಂಡಿಯ ರಾಡಿಯನ್ನು ಮೇಲೆ ಚೆಲ್ಲಿದರೆ ಈ ತೊಂದರೆ ಕಡಿಮೆ. ಇಷ್ಟಿದ್ದರೂ ನನ್ನ ಒಲವು ಇದರ ಕಡೆಗೇ. ಕೊಳೆಯುವ ಪ್ಲಾಸ್ಟಿಕ್ ಎಷ್ಟೇ ಪ್ರಾಮಾಣಿಕವಾಗಿ ಕೊಳೆತರೂ ಹೆಚ್ಚಿನ ಭಾಗ ಗಾಳಿಗೆ ಹೋಗುತ್ತದೆ, ಮಣ್ಣಿಗೆ ಪೋಷಕಾಂಶ ಕೊಡುವುದಿಲ್ಲ. ನಾರಿನ ಲಿಗ್ನಿನ್ ಮಾತ್ರ ಮಣ್ಣಿನ ಕಪ್ಪು ಸತ್ವದಲ್ಲಿ ಸೇರಿ ಉಳಿಯುತ್ತದೆ, ನಮ್ಮ ಮಸಾರಿ ಭೂಮಿಗಳಿಗೆ ಅದು ತುರ್ತಾಗಿ ಬೇಕು.

ಬ್ಯಾಕ್ಟೀರಿಯಾಗಳು ತಮ್ಮ ದೇಹದಲ್ಲಿ ಕೊಬ್ಬಿನಂತೆ ಕೂಡಿಟ್ಟುಕೊಳ್ಳುವ ಪಿ.ಎಚ್.ಎ. ಎಂಬ ಪ್ಲಾಸ್ಟಿಕ್ಕನ್ನು ಇಲ್ಲಿ ನೆನೆಯಬೇಕು. ಫ್ರಾನ್ಸಿನ ಮೋರಿಸ್ ಲೆಮೋಯ್ನ್ 1926ರಲ್ಲಿ ಗುರುತಿಸಿದ ಈ ಬಗೆ ಜೀವಿಗಳದೇ ಸ್ವಂತ ದಾಸ್ತಾನಾದ್ದರಿಂದ ತಣ್ಣನೆಯ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕೊಳೆಯುತ್ತದೆ. ಬೆಲೆ ಹೆಚ್ಚು, ಕೈಗೆಟುಕುವಂತಾದ ದಿನ ಹೊಲಕ್ಕೆ ನಾನು ಮೊದಲು ಆರಿಸುವ ಪ್ಲಾಸ್ಟಿಕ್ ಅದೇ.

ಸಸಿ ಬೆಳೆಸುವ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಮಾತ್ರ ಇಂದೇ ಒಳ್ಳೆಯ ಬದಲಿ ಇದೆ. ಎರಡು-ಮೂರು ತಿಂಗಳು ಸಾಕುವ ಸಸಿಗೆ ಗೋಣಿತಟ್ಟಿನ ಚೀಲ ಸಾಕು. ಮಾವು, ಪೇರಲದಂತೆ ವರ್ಷಪೂರ್ತಿ ಚೀಲದಲ್ಲಿ ನಿಲ್ಲುವ ಸಸಿಗೆ ತೆಂಗಿನ ನಾರಿನ ಕುಂಡ ಬೇಕು, ತಟ್ಟು ಅಷ್ಟು ದಿನ ತಾಳುವುದಿಲ್ಲ. ನಾಟಿ ಮಾಡುವಾಗ ಚೀಲವನ್ನು ಬಿಚ್ಚದೆ, ಇಡಿಯಾಗಿ ನೀರಿನಲ್ಲಿ ನೆನೆಸಿ, ತಳವನ್ನು ಎರಡು ಕಡೆ ಸೀಳಿ ಗುಂಡಿಗೆ ಇಳಿಸಬೇಕು. ಚೀಲದ ಅಂಚು ಮಣ್ಣಿನ ಮಟ್ಟಕ್ಕಿಂತ ಎರಡು ಬೆರಳು ಕೆಳಗಿರುವಂತೆ ಮುಚ್ಚಬೇಕು. ಮೇಲೆ ಉಳಿದರೆ ಅದು ದೀಪದ ಬತ್ತಿಯಂತೆ ಬೇರಿನ ಸುತ್ತಲಿನ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ, ಚೀಲವೂ ಒಣಗಿ ಕೊಳೆಯದೆ ನಿಲ್ಲುತ್ತದೆ.